ಅವರಿಗೆ ಕಲ್ಲು, ಇವರಿಗೆ ಮೂಳೆ ನೋವು: ಪ್ಯಾರಾಥೈರಾಯ್ಡ್ ಕಾಯಿಲೆಯಲ್ಲಿ ಗಂಡು ಹೆಣ್ಣಿನ ಲೆಕ್ಕ

(ಸಾರ್ವಜನಿಕರಿಗಾಗಿ ಕೊಟ್ಟ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಇವೆ.)

ಪ್ಯಾರಾಥೈರಾಯ್ಡ್ ಆಪರೇಷನ್ನಿನ ಚರಿತ್ರೆ ಹೇಳುವಾಗ ಇಬ್ಬರು ರೋಗಿಗಳ ಕಥೆ ಬಂದೇ ಬರುತ್ತದೆ. ಇಬ್ಬರೂ ಗಂಡಸರು. ಒಬ್ಬರು ವಿಯೆನ್ನಾ ನಗರದ ಟ್ರಾಮ್ ಕಂಡಕ್ಟರ್. ಇನ್ನೊಬ್ಬರು ಅಮೆರಿಕದ ವ್ಯಾಪಾರಿ ಹಡಗಿನ ಕ್ಯಾಪ್ಟನ್ ಚಾರ್ಲ್ಸ್ ಮಾರ್ಟೆಲ್. ಆದರೆ ಇವತ್ತು ಪ್ಯಾರಾಥೈರಾಯ್ಡ್ ಗ್ರಂಥಿಯ ಈ ಕಾಯಿಲೆ ಇರುವ ನಾಲ್ಕು ಜನರನ್ನು ಸಾಲಾಗಿ ಕೂರಿಸಿದರೆ ಅವರಲ್ಲಿ ಸುಮಾರು ಮೂವರು ಹೆಂಗಸರು. ಈ ಲೆಕ್ಕ ಯಾಕೆ ಹೀಗಿದೆ, ಆಪರೇಷನ್ ಆದ ಮೇಲೂ ಗಂಡು ಹೆಣ್ಣಿನ ನಡುವೆ ವ್ಯತ್ಯಾಸ ಉಳಿಯುತ್ತದಾ ಅನ್ನುವುದೇ ಇವತ್ತಿನ ಮಾತು.

ಮೊದಲು ಗ್ರಂಥಿಯ ಪರಿಚಯ ಮಾಡಿಕೊಳ್ಳೋಣ. ಥೈರಾಯ್ಡ್ ಅಂದರೆ ಎಲ್ಲರಿಗೂ ಗೊತ್ತು. ಮನೆಗೊಬ್ಬರು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಆ ಮಾತ್ರೆ ತೆಗೆದುಕೊಳ್ಳುತ್ತಾರೆ. ಅದರ ಬೆನ್ನಿಗೆ ಅಂಟಿಕೊಂಡಂತೆ ನಾಲ್ಕು ಪುಟ್ಟ ಗ್ರಂಥಿಗಳಿವೆ, ಅವೇ ಪ್ಯಾರಾಥೈರಾಯ್ಡ್. ಒಂದೊಂದೂ ಅಕ್ಕಿ ಕಾಳಿನಷ್ಟು, ತೂಕ 30ರಿಂದ 50 ಮಿಲಿಗ್ರಾಂ. ಜಾಗ ಥೈರಾಯ್ಡ್ ಪಕ್ಕದಲ್ಲೇ, ಕೆಲಸ ಮಾತ್ರ ಪೂರ್ತಿ ಬೇರೆ. ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೆ ಇವು ಪಿಟಿಎಚ್ ಅನ್ನುವ ಹಾರ್ಮೋನನ್ನು ಬಿಡುತ್ತವೆ. ಆ ಹಾರ್ಮೋನ್ ಮೂಳೆಯಿಂದ ಕ್ಯಾಲ್ಸಿಯಂ ತೆಗೆಸುತ್ತದೆ. ಮೂತ್ರದಲ್ಲಿ ಹೋಗುವುದನ್ನು ಕಿಡ್ನಿಯಲ್ಲೇ ತಡೆಯುತ್ತದೆ. ವಿಟಮಿನ್ ಡಿಯನ್ನು ಚುರುಕು ಮಾಡಿ, ತಿಂದ ಊಟದಿಂದ ಕರುಳು ಜಾಸ್ತಿ ಕ್ಯಾಲ್ಸಿಯಂ ಹೀರುವಂತೆ ಮಾಡುತ್ತದೆ. ಕ್ಯಾಲ್ಸಿಯಂ ಸಾಕಾದಾಗ ಗ್ರಂಥಿ ಸುಮ್ಮನಾಗಬೇಕು. ಅದು ಸುಮ್ಮನಾಗದೇ ಇರುವುದೇ ಕಾಯಿಲೆ.

ಮನುಷ್ಯರಲ್ಲಿ ಈ ಗ್ರಂಥಿಯನ್ನು ಗುರುತಿಸಿ 1880ರಲ್ಲಿ ಬರೆದವರು ಸ್ವೀಡನ್ನಿನ ಉಪ್ಸಲಾದ ಐವರ್ ಸ್ಯಾಂಡ್‌ಸ್ಟ್ರೋಮ್. ಅವರಿಗಿಂತ ಮೊದಲೇ ಲಂಡನ್ನಿನ ರಿಚರ್ಡ್ ಓವೆನ್ ಇದನ್ನು ಒಂದು ಪ್ರಾಣಿಯಲ್ಲಿ ನೋಡಿದ್ದರು. ಆ ಪ್ರಾಣಿ ಲಂಡನ್ ಝೂನಲ್ಲಿ ಸತ್ತ ಒಂದು ಭಾರತದ ಘೇಂಡಾಮೃಗ! ಅಷ್ಟು ದೊಡ್ಡ ಕತ್ತಿನಲ್ಲಿ ಇಷ್ಟು ಚಿಕ್ಕದನ್ನು ಹುಡುಕಿದ ಆ ತಾಳ್ಮೆ ನೆನೆದಾಗಲೆಲ್ಲ ನನಗೆ ಆಶ್ಚರ್ಯ.

ಈಗ ಟ್ರಾಮ್ ಕಂಡಕ್ಟರ್ ಕಥೆಗೆ ಬರೋಣ. ಮೂಳೆ ನೋವು, ಮುರಿತ, ನಡೆಯಲಿಕ್ಕೇ ಆಗದ ಸ್ಥಿತಿ. ಮೂಳೆ ಕೆಟ್ಟಿರುವುದರಿಂದ ಅದನ್ನು ಸರಿಪಡಿಸಲು ಗ್ರಂಥಿ ಊದಿಕೊಳ್ಳುತ್ತದೆ ಅಂತ ಆ ಕಾಲದಲ್ಲಿ ಅನೇಕರು ನಂಬಿದ್ದರು. ಹಾಗಾಗಿ ಶಸ್ತ್ರಚಿಕಿತ್ಸಕ ಫೆಲಿಕ್ಸ್ ಮ್ಯಾಂಡ್ಲ್ ಮೊದಲು ಮಾಡಿದ್ದು ಉಲ್ಟಾ ಕೆಲಸ. ಅಪಘಾತದಲ್ಲಿ ಸತ್ತ ಒಬ್ಬರ ಪ್ಯಾರಾಥೈರಾಯ್ಡ್ ಗ್ರಂಥಿಗಳನ್ನು ತಂದು ಈ ರೋಗಿಗೆ ಕಸಿ ಮಾಡಿದರು. ಗುಣವಾಗಲಿಲ್ಲ. ಆಮೇಲೆ 1925ರ ಜುಲೈನಲ್ಲಿ ಕತ್ತು ತೆರೆದು, ಅಲ್ಲಿದ್ದ ಗಡ್ಡೆ ತೆಗೆದರು. ನೋವು ಇಳಿಯಿತು, ಮೂತ್ರದ ಕ್ಯಾಲ್ಸಿಯಂ ಇಳಿಯಿತು, ಮನುಷ್ಯ ಎದ್ದು ನಡೆದಾಡಿದರು. ವರ್ಷಗಳ ಮೇಲೆ ಕಾಯಿಲೆ ಮರಳಿ ಬಂತು ಅನ್ನುವುದೂ ಅದೇ ಕಥೆಯ ಭಾಗ. 1936ರಲ್ಲಿ ಅವರು ತೀರಿಕೊಂಡರು.

ಕ್ಯಾಪ್ಟನ್ ಮಾರ್ಟೆಲ್ ಕಥೆ ಇನ್ನೂ ಕಷ್ಟದ್ದು. ಆರಡಿ ಮೀರಿದ ಆಳು, ಬೆನ್ನುಮೂಳೆ ಕುಸಿದು ಏಳು ಇಂಚು ಗಿಡ್ಡವಾದರು. ಆರು ಸಲ ಆಪರೇಷನ್ ಆದರೂ ಗಡ್ಡೆ ಸಿಗಲಿಲ್ಲ. ಅವರೇ ಲೈಬ್ರರಿಗೆ ಹೋಗಿ ಅಂಗರಚನೆಯ ಪುಸ್ತಕ ಓದಿ, ಎದೆಯೊಳಗೆ ಹುಡುಕಿ ಅಂತ ಡಾಕ್ಟರುಗಳಿಗೆ ಒತ್ತಾಯ ಮಾಡಿದರಂತೆ. 1932ರಲ್ಲಿ, ಏಳನೇ ಸಲ, ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಅದು ಎದೆಗೂಡಿನೊಳಗೇ ಸಿಕ್ಕಿತು. ಕೆಲವೇ ವಾರಗಳಲ್ಲಿ ಕಿಡ್ನಿ ಕಲ್ಲಿನ ತೊಂದರೆಗೆ ಇನ್ನೊಂದು ಆಪರೇಷನ್ ಆಗಿ ಅವರು ತೀರಿಕೊಂಡರು.

ಆಗೆಲ್ಲ ಕಾಯಿಲೆ ಪತ್ತೆಯಾಗುತ್ತಿದ್ದುದು ಹೀಗೆ, ಮೂಳೆ ಮುರಿದ ಮೇಲೆ, ಕಿಡ್ನಿ ಕೆಟ್ಟ ಮೇಲೆ. 1970ರ ದಶಕದಲ್ಲಿ ರಕ್ತ ಪರೀಕ್ಷೆಗೆ ಯಂತ್ರಗಳು ಬಂದವು. ಬೇರೆ ಯಾವುದಕ್ಕೋ ರಕ್ತ ಕೊಟ್ಟರೂ ಕ್ಯಾಲ್ಸಿಯಂ ಸಂಖ್ಯೆ ತಾನಾಗಿ ರಿಪೋರ್ಟಿನಲ್ಲಿ ಬರತೊಡಗಿತು. ಅಮೆರಿಕದಲ್ಲಿ ರೋಗಿಗಳ ಸಂಖ್ಯೆ ಒಮ್ಮೆಲೇ ಏರಿತು. ಬಹಳಷ್ಟು ಜನ ಐವತ್ತು ಅರವತ್ತು ದಾಟಿದ ಹೆಂಗಸರು, ಕಲ್ಲಿಲ್ಲ, ಮುರಿತವಿಲ್ಲ. ಒಂಥರಾ ಸುಸ್ತು, ಮೈಕೈ ನೋವು, ಅಷ್ಟೇ.

ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಲಕ್ಷಾಂತರ ಜನರ ದಾಖಲೆ ನೋಡಿ ಮಾಡಿದ ಲೆಕ್ಕವೊಂದು 2013ರಲ್ಲಿ ಬಂತು. ವರ್ಷಕ್ಕೆ ಒಂದು ಲಕ್ಷ ಹೆಂಗಸರಲ್ಲಿ ಸುಮಾರು 66 ಜನರಿಗೆ, ಒಂದು ಲಕ್ಷ ಗಂಡಸರಲ್ಲಿ ಸುಮಾರು 25 ಜನರಿಗೆ ಹೊಸದಾಗಿ ಈ ಕಾಯಿಲೆ. ಆದರೆ ಐವತ್ತಕ್ಕಿಂತ ಚಿಕ್ಕವರಲ್ಲಿ ಗಂಡು ಹೆಣ್ಣು ಹೆಚ್ಚುಕಮ್ಮಿ ಸಮ. ವ್ಯತ್ಯಾಸ ಬಾಯಿ ತೆರೆಯುವುದು ಮುಟ್ಟು ನಿಂತ ಮೇಲೆ.

ಈಸ್ಟ್ರೊಜೆನ್ ಹಾರ್ಮೋನ್ ಇದ್ದಷ್ಟು ದಿನ ಮೂಳೆ ಅಷ್ಟು ಸುಲಭವಾಗಿ ಪಿಟಿಎಚ್ ಮಾತಿಗೆ ಬಗ್ಗುವುದಿಲ್ಲ. ಮುಟ್ಟು ನಿಂತಾಗ ಆ ತಡೆ ಹೋಗುತ್ತದೆ. ಅದುವರೆಗೆ ಗಡಿಯೊಳಗೇ ಇದ್ದ ಕ್ಯಾಲ್ಸಿಯಂ ಗಡಿ ದಾಟುತ್ತದೆ. ಹೀಗೆ ಒಳಗೇ ಇದ್ದ ಕಾಯಿಲೆ ಆಗ ಹೊರಗೆ ಕಾಣುತ್ತದೆ. ಇನ್ನೊಂದು ಕಾರಣ ನಮ್ಮದೇ, ಡಾಕ್ಟರುಗಳದ್ದು. ವಯಸ್ಸಾದ ಹೆಂಗಸರಿಗೆ ಮೂಳೆ ಸಾಂದ್ರತೆ ನೋಡುವ ಡೆಕ್ಸಾ ಸ್ಕ್ಯಾನ್ ಬರೆದುಕೊಡುತ್ತೇವೆ, ಗಂಡಸರಿಗೆ ಬರೆಯುವುದು ಅಪರೂಪ. ಹುಡುಕಿದ ಕಡೆ ತಾನೇ ಸಿಗುವುದು?

ಇನ್ನು ಕಾಯಿಲೆ ಕಾಣಿಸಿಕೊಳ್ಳುವ ರೀತಿ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಶಸ್ತ್ರಚಿಕಿತ್ಸಕರು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಗಂಡು ಹೆಣ್ಣು ಅಂತ ವಿಂಗಡಿಸಿ ನೋಡಿ 2012ರಲ್ಲಿ ಬರೆದರು. ಒಟ್ಟು ತಾತ್ಪರ್ಯ ಹೀಗೆ: ಕಾಯಿಲೆ ಒಂದೇ, ಅದು ಬರುವ ವೇಷ ಬೇರೆ. ಗಂಡಸರಲ್ಲಿ ಕಿಡ್ನಿ ಕಲ್ಲು ಜಾಸ್ತಿ, ಗಡ್ಡೆಯೂ ದೊಡ್ಡದು. ಹೆಂಗಸರಲ್ಲಿ ಮೂಳೆ ಸವೆತ, ಸುಸ್ತು, ಮನಸ್ಸು ಮಂಕಾಗುವುದು ಜಾಸ್ತಿ.

ನಮ್ಮ ದೇಶದ ಚಿತ್ರ ಸ್ವಲ್ಪ ಬೇರೆ. ಚಂಡೀಗಢದ ಪಿಜಿಐ ಮುಂತಾದ ಸಂಸ್ಥೆಗಳು ಸೇರಿ ಈ ಕಾಯಿಲೆಯ ರೋಗಿಗಳ ದಾಖಲೆಯೊಂದನ್ನು ಇಂಡಿಯನ್ ಪಿಎಚ್‌ಪಿಟಿ ರಿಜಿಸ್ಟ್ರಿ ಅಂತ ಇಟ್ಟಿವೆ. ಅದರಲ್ಲಿ ರೋಗಿಗಳ ಸರಾಸರಿ ವಯಸ್ಸು ಸುಮಾರು 41. ಹತ್ತರಲ್ಲಿ ಏಳು ಜನ ಹೆಂಗಸರು. ಬಹುತೇಕ ಎಲ್ಲರೂ ತೊಂದರೆ ಬಂದ ಮೇಲೇ ಬಂದವರು. ಪಶ್ಚಿಮದಲ್ಲಿ ರಕ್ತದ ರಿಪೋರ್ಟಿನಲ್ಲಿ ಸಿಗುವ ಕಾಯಿಲೆ ನಮ್ಮಲ್ಲಿ ಮೂಳೆ ಮುರಿದ ಮೇಲೆ ಸಿಗುತ್ತದೆ. ಮಾಮೂಲಿ ಚೆಕಪ್ಪಿನಲ್ಲಿ ಶುಗರ್, ಕೊಲೆಸ್ಟರಾಲ್, ಥೈರಾಯ್ಡ್ ಇರುತ್ತದೆ, ಕ್ಯಾಲ್ಸಿಯಂ ಅನೇಕ ಪ್ಯಾಕೇಜುಗಳಲ್ಲಿ ಇರುವುದೇ ಇಲ್ಲ. ಜೊತೆಗೆ ವಿಟಮಿನ್ ಡಿ ಕೊರತೆ ಇರುವುದರಿಂದ ಮೂಳೆ ಇನ್ನೂ ಬೇಗ ಕೆಡುತ್ತದೆ.

ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ, ಯಾಕೆಂದರೆ ನನ್ನ ಪ್ರಕಾರ ನಿಜವಾದ ಗಂಡು ಹೆಣ್ಣು ವ್ಯತ್ಯಾಸ ಇರುವುದು ಇಲ್ಲೇ.

ಐವತ್ತೆರಡರ ಒಬ್ಬ ಹೆಣ್ಣುಮಗಳು ಬರುತ್ತಾರೆ ಅಂದುಕೊಳ್ಳಿ. ಸೊಂಟ ನೋವು, ಮಂಡಿ ನೋವು, ಮೆಟ್ಟಿಲು ಹತ್ತಲು ತೊಡೆಯಲ್ಲಿ ಶಕ್ತಿ ಇಲ್ಲ, ಮಲಬದ್ಧತೆ, ಯಾವುದರಲ್ಲೂ ಮನಸ್ಸಿಲ್ಲ. ಮನೆಯವರು "ವಯಸ್ಸಾಯ್ತಲ್ಲ" ಅನ್ನುತ್ತಾರೆ. ಡಾಕ್ಟರು "ಮುಟ್ಟು ನಿಲ್ಲೋ ಟೈಮು, ಎಲ್ಲರಿಗೂ ಹೀಗೇ ಆಗುತ್ತೆ" ಅನ್ನುತ್ತಾರೆ. ಕ್ಯಾಲ್ಸಿಯಂ ಮಾತ್ರೆ ಬರೆದುಕೊಡುತ್ತಾರೆ. ರಕ್ತದಲ್ಲಿ ಎಷ್ಟು ಕ್ಯಾಲ್ಸಿಯಂ ಇದೆ ಅಂತ ನೋಡದೇ ಕ್ಯಾಲ್ಸಿಯಂ ಮಾತ್ರೆ!

ನಲವತ್ತೈದರ ಒಬ್ಬ ಗಂಡಸು ಬರುತ್ತಾರೆ. ಎರಡನೇ ಸಲ ಕಿಡ್ನಿ ಕಲ್ಲು. "ನೀರು ಕುಡಿಯಲ್ಲ ನೀವು" ಅಂತ ಬೈಗುಳ, ಬಾಳೆದಿಂಡಿನ ರಸ, ಆಮೇಲೆ ಲೇಸರ್. ಕಲ್ಲು ಹೋಯಿತು, ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲ. ಇನ್ನು ಪ್ಯಾಂಕ್ರಿಯಾಸ್, ಅಂದರೆ ಮೇದೋಜೀರಕ ಗ್ರಂಥಿಯ ಊತ. ಕ್ಯಾಲ್ಸಿಯಂ ಏರಿದಾಗ ಅದೂ ಬರಬಹುದು. ನಮ್ಮ ದೇಶದ ರೋಗಿಗಳಲ್ಲಿ ಅದು ಗಂಡಸರಲ್ಲೇ ಹೆಚ್ಚು ಕಂಡಿದೆ. ಆದರೆ ಗಂಡಸಿಗೆ ಪ್ಯಾಂಕ್ರಿಯಾಸ್ ಊದಿದರೆ ಮೊದಲ ಪ್ರಶ್ನೆ "ಕುಡಿತೀರಾ?" ಹೂಂ ಅಂದರೆ ಅಲ್ಲಿಗೆ ತನಿಖೆ ಮುಗಿಯಿತು. ಇನ್ನೊಂದು ತಮಾಷೆ ಏನೆಂದರೆ, ಊತ ಜೋರಾಗಿರುವಾಗ ರಕ್ತದ ಕ್ಯಾಲ್ಸಿಯಂ ತಾನಾಗೇ ಇಳಿಯುತ್ತದೆ. ಆಗ ನೋಡಿದರೆ ನಾರ್ಮಲ್ ಅಂತಲೇ ಬರಬಹುದು. ಊತ ಇಳಿದ ಮೇಲೆ ಮತ್ತೆ ನೋಡಬೇಕು.

ಅಂದರೆ ಹೆಂಗಸರಿಗೆ ಒಂದು ರೆಡಿಮೇಡ್ ಕಾರಣ, ಗಂಡಸರಿಗೆ ಇನ್ನೊಂದು. ಎರಡೂ ಸುಳ್ಳಲ್ಲ, ಬಹಳ ಸಲ ನಿಜವೇ. ಆದರೆ ಕೆಲವು ನೂರು ರೂಪಾಯಿಯ ಒಂದು ಪರೀಕ್ಷೆಯನ್ನು ಅವು ತಪ್ಪಿಸಿಬಿಡುತ್ತವೆ.

ರಿಪೋರ್ಟ್ ಓದುವಾಗಲೂ ಕೆಲವು ಕಡೆ ಎಡವುತ್ತೇವೆ. ಕ್ಯಾಲ್ಸಿಯಂ 11, ಅಂದರೆ ಗಡಿ ಮೀರಿದ್ದು, ಪಿಟಿಎಚ್ 60 ಅಂತ ಬಂದಿದೆ ಅಂದುಕೊಳ್ಳಿ. ಲ್ಯಾಬಿನ ಪ್ರಕಾರ ಪಿಟಿಎಚ್ 65ರವರೆಗೂ ನಾರ್ಮಲ್. ಆದರೆ ಕ್ಯಾಲ್ಸಿಯಂ 11 ಇರುವಾಗ ಆರೋಗ್ಯವಂತ ಗ್ರಂಥಿ ಹೆಚ್ಚುಕಮ್ಮಿ ಬಾಯಿ ಮುಚ್ಚಿಕೊಂಡಿರಬೇಕು. ಅಲ್ಲಿ 60 ಅನ್ನುವುದು ನಾರ್ಮಲ್ ಅಲ್ಲವೇ ಅಲ್ಲ. ಕೂದಲು ಉದುರುತ್ತದೆ ಅಂತ ಬಯೋಟಿನ್ ಮಾತ್ರೆ ತಿನ್ನುವವರು ಈಗ ಬಹಳ, ಅದರಲ್ಲೂ ಹೆಂಗಸರು. ಕೆಲವು ಯಂತ್ರಗಳಲ್ಲಿ ಬಯೋಟಿನ್ ಪಿಟಿಎಚ್ ಸಂಖ್ಯೆಯನ್ನು ಸುಳ್ಳೇ ಕಡಿಮೆ ತೋರಿಸುತ್ತದೆ. ಪರೀಕ್ಷೆಗೆ ಎರಡು ಮೂರು ದಿನ ಮೊದಲೇ ನಿಲ್ಲಿಸಿ, ಲ್ಯಾಬಿನವರಿಗೂ ಹೇಳಿ.

ಕ್ರಿಯಾಟಿನಿನ್, ಅಂದರೆ ಸ್ನಾಯುವಿನಿಂದ ಬಂದು ಕಿಡ್ನಿ ಸೋಸಿ ಹೊರಹಾಕುವ ಕಸ, ಅದರ ವಿಷಯ ಇನ್ನೂ ಮುಖ್ಯ. ಅರವತ್ತು ವರ್ಷದ ಗಂಡ ಹೆಂಡತಿ, ಇಬ್ಬರಿಗೂ ಕ್ರಿಯಾಟಿನಿನ್ 1.1. ರಿಪೋರ್ಟಿನಲ್ಲಿ ಯಾವ ಕೆಂಪು ಗುರುತೂ ಇಲ್ಲದಿರಬಹುದು. ಈಗ ಬಳಸುವ ಸೂತ್ರಕ್ಕೆ ಹಾಕಿದರೆ ಗಂಡನ ಕಿಡ್ನಿ ಸೋಸುವ ಶಕ್ತಿ ಸುಮಾರು 77, ಹೆಂಡತಿಯದ್ದು ಸುಮಾರು 57. ಹೆಂಗಸರಲ್ಲಿ ಸ್ನಾಯು ಕಡಿಮೆ, ಹಾಗಾಗಿ ಅದೇ ಸಂಖ್ಯೆಗೆ ಅರ್ಥ ಬೇರೆ. ಪ್ಯಾರಾಥೈರಾಯ್ಡ್ ಕಾಯಿಲೆ ಇರುವವರಲ್ಲಿ ಈ ಶಕ್ತಿ 60ಕ್ಕಿಂತ ಕೆಳಗಿದ್ದರೆ ಆಪರೇಷನ್ ಮಾಡಿ ಅಂತ ಅಂತರರಾಷ್ಟ್ರೀಯ ಸಲಹೆ. ಆಕೆಗೆ ಆಪರೇಷನ್ ಬೇಕು ಅನ್ನುವ ಸುಳಿವು ನಾರ್ಮಲ್ ಅಂತ ಬರೆದಿರುವ ಸಂಖ್ಯೆಯೊಳಗೇ ಅಡಗಿ ಕೂತಿದೆ.

ಆ ಸಲಹೆ ಕೊನೆಯದಾಗಿ 2022ರಲ್ಲಿ ಪರಿಷ್ಕರಣೆಯಾಯಿತು. ಕ್ಯಾಲ್ಸಿಯಂ ಗಡಿಗಿಂತ 1 ಮಿಲಿಗ್ರಾಂಗೂ ಹೆಚ್ಚು ಮೇಲಿದ್ದರೆ, ವಯಸ್ಸು 50ಕ್ಕಿಂತ ಕಡಿಮೆ ಇದ್ದರೆ, ಕಿಡ್ನಿಯಲ್ಲಿ ಕಲ್ಲಿದ್ದರೆ, ಬೆನ್ನುಮೂಳೆ ಕುಸಿದಿದ್ದರೆ, ಡೆಕ್ಸಾದಲ್ಲಿ ಮೂಳೆ ಸಾಂದ್ರತೆಯ ಅಂಕ (ಟಿ-ಸ್ಕೋರ್) ಮೈನಸ್ 2.5ಕ್ಕೆ ಇಳಿದಿದ್ದರೆ ಆಪರೇಷನ್ ಒಳ್ಳೆಯದು. ಇದರಲ್ಲಿ ನೇರವಾಗಿ ಗಂಡು ಹೆಣ್ಣು ಅಂತ ಬೇರೆ ಮಾಡಿರುವುದು ಒಂದೇ ಕಡೆ. 24 ಗಂಟೆಯ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಂಗಸರಿಗೆ 250, ಗಂಡಸರಿಗೆ 300 ಮಿಲಿಗ್ರಾಂ ದಾಟಬಾರದು. ಡೆಕ್ಸಾ ಮಾಡಿಸುವಾಗ ಸೊಂಟ, ಬೆನ್ನಿನ ಜೊತೆ ಮುಂಗೈಯನ್ನೂ ಮಾಡಿಸಿ. ಈ ಕಾಯಿಲೆ ಮೊದಲು ತಿನ್ನುವುದು ಅಲ್ಲಿನ ಗಟ್ಟಿ ಮೂಳೆಯನ್ನು.

ಹೆಂಗಸರಿಗೆ ಮಾತ್ರ ಬರುವ ಒಂದು ಪರಿಸ್ಥಿತಿ ಇದೆ, ಬಸಿರು. ಬಸುರಿಯಲ್ಲಿ ರಕ್ತ ತೆಳುವಾಗಿ, ಕ್ಯಾಲ್ಸಿಯಂ ಅಂಟಿಕೊಂಡಿರುವ ಆಲ್ಬುಮಿನ್ ಅನ್ನುವ ಪ್ರೋಟೀನ್ ಇಳಿಯುತ್ತದೆ, ಅದರ ಜೊತೆ ಒಟ್ಟು ಕ್ಯಾಲ್ಸಿಯಂ ಸಂಖ್ಯೆಯೂ ಇಳಿಯುತ್ತದೆ. ಏರಿದ ಕ್ಯಾಲ್ಸಿಯಂ ಕಣ್ಣಿಗೆ ಬೀಳುವುದಿಲ್ಲ. ವಾಂತಿ, ಸುಸ್ತು ಅಂತೂ ಬಸಿರಿನದ್ದೇ ಅನಿಸಿಬಿಡುತ್ತದೆ. ಗರ್ಭಪಾತದ ಅಪಾಯ ಜಾಸ್ತಿ. ತಾಯಿಯ ಕ್ಯಾಲ್ಸಿಯಂ ಮಗುವಿಗೂ ಹರಿದು, ಮಗುವಿನ ಪ್ಯಾರಾಥೈರಾಯ್ಡ್ ಕೆಲಸ ಕಲಿಯದೇ ಉಳಿಯುತ್ತದೆ. ಹುಟ್ಟಿದ ಮೇಲೆ ಆ ಸರಬರಾಜು ನಿಂತಾಗ ಮಗುವಿಗೆ ಫಿಟ್ಸ್ ಬರಬಹುದು. ಮಗುವಿನ ಫಿಟ್ಸಿಗೆ ಕಾರಣ ಹುಡುಕುತ್ತಾ ಹೋಗಿ ತಾಯಿಯ ಕಾಯಿಲೆ ಪತ್ತೆಯಾದ ಉದಾಹರಣೆಗಳು ವೈದ್ಯಕೀಯ ಸಾಹಿತ್ಯದಲ್ಲಿ ಬೇಕಾದಷ್ಟಿವೆ. ಬಸಿರಿನಲ್ಲಿ ಆಪರೇಷನ್ ಬೇಕಾದರೆ ನಡುವಿನ ಮೂರು ತಿಂಗಳು ಸೂಕ್ತ ಸಮಯ.

ಆಪರೇಷನ್ ಟೇಬಲ್ ಮೇಲೆ ಏನಾಗುತ್ತದೆ? ಹತ್ತು ರೋಗಿಗಳಲ್ಲಿ ಸುಮಾರು ಎಂಟು ಜನರಿಗೆ ಒಂದೇ ಗ್ರಂಥಿ ಕೆಟ್ಟಿರುತ್ತದೆ, ಅದೂ ಕ್ಯಾನ್ಸರ್ ಅಲ್ಲದ ಗಡ್ಡೆ. ಕ್ಯಾನ್ಸರ್ ನೂರಕ್ಕೆ ಒಂದಕ್ಕಿಂತ ಕಡಿಮೆ. ವಿಚಿತ್ರ ಅಂದರೆ ಆ ಅಪರೂಪದ ಕ್ಯಾನ್ಸರ್ ಮಾತ್ರ ಗಂಡು ಹೆಣ್ಣಿಗೆ ಹೆಚ್ಚುಕಮ್ಮಿ ಸಮನಾಗಿ ಬರುತ್ತದೆ. ಅಲ್ಟ್ರಾಸೌಂಡ್, ಸೆಸ್ಟಮಿಬಿ ಸ್ಕ್ಯಾನ್ ಮಾಡಿ ಯಾವ ಗ್ರಂಥಿ ಅಂತ ಮೊದಲೇ ಅಂದಾಜು ಮಾಡಿರುತ್ತೇವೆ. ಕತ್ತಿನ ಮಡಿಕೆಯಲ್ಲೇ ಮೂರು ನಾಲ್ಕು ಸೆಂಟಿಮೀಟರ್ ಕೊಯ್ದು, ಥೈರಾಯ್ಡನ್ನು ಮೆಲ್ಲಗೆ ಎತ್ತಿ ಹಿಂದೆ ನೋಡುತ್ತೇವೆ. ಪಕ್ಕದಲ್ಲೇ ಬಿಳಿ ದಾರದಂತೆ ಧ್ವನಿಯ ನರ ಹೋಗುತ್ತಿರುತ್ತದೆ, ಅದಕ್ಕೆ ಏಟಾಗಬಾರದು. ಕೆಟ್ಟ ಗ್ರಂಥಿ ಕಂದು ಕೆಂಪು, ಸುತ್ತಲಿನ ಕೊಬ್ಬು ಹಳದಿ. ಅನುಮಾನ ಬಂದರೆ ಒಂದು ಹಳೇ ಉಪಾಯ ಇದೆ. ತೆಗೆದ ಚೂರನ್ನು ಬಟ್ಟಲಿನ ಸಲೈನಿಗೆ ಹಾಕುವುದು. ಕೊಬ್ಬು ತೇಲುತ್ತದೆ, ಪ್ಯಾರಾಥೈರಾಯ್ಡ್ ಮುಳುಗುತ್ತದೆ.

ಆಮೇಲೆ ಕಾಯುವುದು. ಪಿಟಿಎಚ್ ರಕ್ತದಲ್ಲಿ ಮೂರರಿಂದ ಐದು ನಿಮಿಷಕ್ಕೆ ಅರ್ಧಕ್ಕಿಳಿಯುತ್ತದೆ. ಗಡ್ಡೆ ತೆಗೆದು ಹತ್ತು ನಿಮಿಷಕ್ಕೆ ರಕ್ತ ತೆಗೆದು ನೋಡಿದಾಗ ಅರ್ಧಕ್ಕಿಂತ ಕೆಳಗೆ ಬಂದಿದ್ದರೆ ಕೆಲಸ ಆಯಿತು ಅಂತ. ಬಂದಿಲ್ಲ ಅಂದರೆ ಇನ್ನೊಂದು ಗ್ರಂಥಿಯೂ ಕೆಟ್ಟಿದೆ, ಮತ್ತೆ ಹುಡುಕಬೇಕು. ಮಾರ್ಟೆಲ್ ಕಾಲದಲ್ಲಿ ಈ ಪರೀಕ್ಷೆಯೂ ಇರಲಿಲ್ಲ, ಸ್ಕ್ಯಾನೂ ಇರಲಿಲ್ಲ.

ಫಲಿತಾಂಶ? ಅನುಭವ ಇರುವ ಕೈಯಲ್ಲಿ ಶೇ. 95ಕ್ಕೂ ಹೆಚ್ಚು ಜನರಿಗೆ ಒಂದೇ ಆಪರೇಷನ್ನಿನಲ್ಲಿ ಗುಣ. ಗಂಡಸರಿಗೂ ಅಷ್ಟೇ, ಹೆಂಗಸರಿಗೂ ಅಷ್ಟೇ. ಬರುವಾಗ ಇಷ್ಟೆಲ್ಲ ವ್ಯತ್ಯಾಸ ಇಟ್ಟುಕೊಂಡು ಬಂದ ಕಾಯಿಲೆ ಹೋಗುವಾಗ ಇಬ್ಬರಿಗೂ ಒಂದೇ ಥರ ಹೋಗುತ್ತದೆ. ಹಾಗಾದರೆ ವ್ಯತ್ಯಾಸ ಮಾಡುವುದು ಟೇಬಲ್ಲಿಗೆ ಬರುವ ಮೊದಲಿನ ದಾರಿ. ಅಮೆರಿಕದಲ್ಲಿ ಈ ಕಾಯಿಲೆ ಇದ್ದ, ಸರ್ಕಾರಿ ವಿಮೆಯ 2 ಲಕ್ಷಕ್ಕೂ ಹೆಚ್ಚು ಹಿರಿಯರ ದಾಖಲೆ ನೋಡಿದರೆ ಆಪರೇಷನ್ ಆದವರು ಶೇ. 30ರಷ್ಟು ಮಾತ್ರ. ಅಷ್ಟೆಲ್ಲ ಸೌಲಭ್ಯ ಇರುವ ಕಡೆಯೇ ಹೀಗೆ.

ಆಪರೇಷನ್ ಆದ ಮೇಲಿನ ಒಂದು ತೊಂದರೆ ನಮ್ಮ ದೇಶದಲ್ಲಿ ಜಾಸ್ತಿ. ವರ್ಷಗಟ್ಟಲೆ ಕ್ಯಾಲ್ಸಿಯಂ ಕಳೆದುಕೊಂಡ ಮೂಳೆ ಒಮ್ಮೆಲೇ ರಕ್ತದಿಂದ ಎಲ್ಲವನ್ನೂ ಎಳೆದುಕೊಳ್ಳುತ್ತದೆ. ತುಟಿ ಸುತ್ತ, ಬೆರಳ ತುದಿಯಲ್ಲಿ ಜುಮ್ಮೆನ್ನುತ್ತದೆ, ಕೈ ಸೆಡೆತುಕೊಳ್ಳುತ್ತದೆ. ಇದು ಹೆಣ್ಣೋ ಗಂಡೋ ಅನ್ನುವುದಕ್ಕಿಂತ ಮೂಳೆ ಎಷ್ಟು ಕೆಟ್ಟಿತ್ತು, ವಿಟಮಿನ್ ಡಿ ಎಷ್ಟಿತ್ತು ಅನ್ನುವುದರ ಮೇಲೆ ನಿಂತಿದೆ. ತಡವಾಗಿ ಬಂದವರಿಗೆ ಹೆಚ್ಚು. ಪೂರ್ತಿ ಥೈರಾಯ್ಡ್ ತೆಗೆಯುವ ಆಪರೇಷನ್ನಿನಲ್ಲಿ ಮಾತ್ರ ಲೆಕ್ಕ ಬೇರೆ. ಅಲ್ಲಿ ಕ್ಯಾಲ್ಸಿಯಂ ಇಳಿಯುವುದು ಹೆಂಗಸರಿಗೇ ಜಾಸ್ತಿ, ಹಲವು ಅಧ್ಯಯನಗಳಲ್ಲಿ ಇದು ಕಂಡಿದೆ. ಆ ಆಪರೇಷನ್ ಆದವರಿಗೆ ಜುಮ್ಮೆಂದರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಹೇಳಿ.

ಇನ್ನು ನಿಮ್ಮ ಪ್ರಶ್ನೆಗಳು.

"ಡಾಕ್ಟ್ರೇ, ಕ್ಯಾಲ್ಸಿಯಂ ಜಾಸ್ತಿ ಅಂದ್ರೆ ಹಾಲು, ರಾಗಿ ಬಿಡಬೇಕಾ?" ಬೇಡಮ್ಮ. ರಕ್ತದಲ್ಲಿ ಏರಿರುವುದು ಬಹುಪಾಲು ನಿಮ್ಮ ಮೂಳೆಯದ್ದು, ತಟ್ಟೆಯದ್ದಲ್ಲ. ಊಟದಲ್ಲಿ ತೀರಾ ಕಡಿಮೆ ಮಾಡಿದರೆ ಗ್ರಂಥಿ ಇನ್ನೂ ಹಠ ಮಾಡಿ ಮೂಳೆಗೇ ಕೈ ಹಾಕುತ್ತದೆ. ಮುದ್ದೆ, ಮಜ್ಜಿಗೆ ಎಂದಿನಂತೆ ಇರಲಿ. ನೀರು ಚೆನ್ನಾಗಿ ಕುಡಿಯಿರಿ. ಮಾತ್ರೆ ಮಾತ್ರ ಡಾಕ್ಟರನ್ನು ಕೇಳದೇ ನುಂಗಬೇಡಿ.

"ಕಲೆ ಕಾಣುತ್ತಾ? ತಾಳಿ ಸರ ಹಾಕಬಹುದಾ?" ಗಾಯ ಮಾಗುವವರೆಗೆ ಅದರ ಮೇಲೆ ಉಜ್ಜದ ಹಾಗೆ ನೋಡಿಕೊಳ್ಳಿ, ಆಮೇಲೆ ಹಾಕಬಹುದು. ಮಡಿಕೆಯಲ್ಲೇ ಕೊಯ್ಯುವುದರಿಂದ ವರ್ಷದೊಳಗೆ ಸಾಮಾನ್ಯವಾಗಿ ಮಾಸುತ್ತದೆ. ಈ ಪ್ರಶ್ನೆ ಗಂಡಸರೂ ಕೇಳುತ್ತಾರೆ, ಹೆಂಡತಿ ಹೊರಗೆ ಹೋದ ಮೇಲೆ.

"ನಮ್ಮ ತಂದೆಯವರಿಗೆ ಪದೇ ಪದೇ ಕಲ್ಲು ಆಗ್ತಿದೆ ಸರ್, ಏನು ಟೆಸ್ಟ್ ಮಾಡಿಸಲಿ?" ಕ್ಯಾಲ್ಸಿಯಂ, ಆಲ್ಬುಮಿನ್, ಪಿಟಿಎಚ್. ಮೂರೂ ಒಂದೇ ದಿನ, ಒಂದೇ ಸಲ ತೆಗೆದ ರಕ್ತದಲ್ಲಿ. ಜೊತೆಗೆ ವಿಟಮಿನ್ ಡಿ, ಕ್ರಿಯಾಟಿನಿನ್. ಕ್ಯಾಲ್ಸಿಯಂ ಏರಿದ್ದರೆ ಇನ್ನೊಮ್ಮೆ ಮಾಡಿಸಿ ಖಚಿತ ಮಾಡಿಕೊಂಡು, ಆಮೇಲೆ 24 ಗಂಟೆಯ ಮೂತ್ರ. ಅವರು ಬಿಪಿಗೆ ಥಯಾಜೈಡ್ ಮಾತ್ರೆ ಅಥವಾ ಮಾನಸಿಕ ಕಾಯಿಲೆಗೆ ಲಿಥಿಯಂ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ಎರಡೂ ಕ್ಯಾಲ್ಸಿಯಂ ಏರಿಸಬಲ್ಲವು.

"ನನಗೆ ಆಪರೇಷನ್ ಆಗಿದೆ. ಮಕ್ಕಳಿಗೂ ಬರುತ್ತಾ?" ನಿಮಗೆ ಎಷ್ಟು ವರ್ಷಕ್ಕೆ ಬಂತು, ಎಷ್ಟು ಗ್ರಂಥಿ ಕೆಟ್ಟಿತ್ತು ಅನ್ನುವುದರ ಮೇಲೆ ಹೇಳಬೇಕು. ಅರವತ್ತು ದಾಟಿದ ಮೇಲೆ ಒಂದೇ ಗಡ್ಡೆ ಬಂದಿದ್ದು, ಮನೆಯಲ್ಲಿ ಬೇರೆ ಯಾರಿಗೂ ಇಲ್ಲದಿದ್ದರೆ ಸಾಮಾನ್ಯವಾಗಿ ಮಕ್ಕಳಿಗೆ ಜೀನ್ ಪರೀಕ್ಷೆ ಬೇಕಿಲ್ಲ. ಇಪ್ಪತ್ತು ಮೂವತ್ತರಲ್ಲೇ ಬಂದಿದ್ದರೆ, ಒಂದಕ್ಕಿಂತ ಹೆಚ್ಚು ಗ್ರಂಥಿ ಕೆಟ್ಟಿದ್ದರೆ, ಅಥವಾ ಮನೆಯಲ್ಲಿ ಪಿಟ್ಯುಟರಿ (ಮೆದುಳಿನ ಬುಡದ ಗ್ರಂಥಿ), ಪ್ಯಾಂಕ್ರಿಯಾಸ್ ಗಡ್ಡೆ ಇದ್ದವರಿದ್ದರೆ ಎಂಇಎನ್ 1 ಅನ್ನುವ ಜೀನ್ ದೋಷ ಇದೆಯಾ ಅಂತ ನೋಡುತ್ತೇವೆ. ಅದಿದ್ದರೆ ಮಗನಿಗೂ ಮಗಳಿಗೂ ತಲಾ ಅರ್ಧದಷ್ಟು ಸಾಧ್ಯತೆ. ಮಗಳನ್ನು ಮಾತ್ರ ಕರೆತರುವವರಿದ್ದಾರೆ, ಇದು ಹೆಂಗಸರ ಕಾಯಿಲೆ ಅಂತ ಎಲ್ಲೋ ಓದಿಕೊಂಡು. ಇಬ್ಬರನ್ನೂ ಕರೆತನ್ನಿ.